ಅವ್ವನ ಅರ್ಜಿಯ ಸರದಿ

ಒಂದೇ ಸಲಕ್ಕೆ ನಾಲ್ಕು ಕೆಲಸ ಮಾಡುತ್ತೇನೆ ಎಂದು ಯಾರಾದರೂ ಜಂಬ ಕೊಚ್ಚಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾರೂ ಮಾಡುವುದಿಲ್ಲ. ಮನುಷ್ಯರು ಮಾಡುವುದಿಲ್ಲ, ನಾನು ಕಲಿತ ಕಾಲದ ಕಂಪ್ಯೂಟರಂತೂ ಮಾಡುತ್ತಲೇ ಇರಲಿಲ್ಲ. ಒಂದನ್ನು ಮಾಡುವಾಗ ಉಳಿದ ಮೂರು ಬಾಗಿಲಲ್ಲಿ ನಿಂತಿರುತ್ತವೆ, ಅಷ್ಟೇ. ಯಾವುದು ನಿಂತಿತ್ತು, ಎಷ್ಟು ಹೊತ್ತು ನಿಂತಿತ್ತು ಎಂದು ಕೇಳಿ ನೋಡಿ, ಮಾತು ಬದಲಿಸುತ್ತಾರೆ. ನಾನೂ ಬಹಳ ವರ್ಷ ಮಾತು ಬದಲಿಸಿದವಳೇ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಖಾನಾಪುರದ ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಂದು ಡಿಟಿಪಿ ಅಂಗಡಿ ಇತ್ತು. ಲಗ್ನಪತ್ರಿಕೆ, ಅರ್ಜಿ, ಹ್ಯಾಂಡ್‌ಬಿಲ್ಲು, ಶ್ರದ್ಧಾಂಜಲಿ ಏನೇ ಇರಲಿ, ಟೈಪು ಮಾಡಿ ಪ್ರಿಂಟು ತೆಗೆದುಕೊಡುವ ಅಂಗಡಿ. ಅಲ್ಲಿ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಬ್ಬಳು ನಾನು. ನನಗಾಗ ಇಪ್ಪತ್ತಮೂರು. ಮಾಲಕರು ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಎರಡೂ ಮಾತನಾಡುವವರು. ಒಳ್ಳೆಯವರೇ. ಆದರೆ ಯಾರಿಗೂ ಇಲ್ಲ ಎನ್ನುವ ನಾಲಿಗೆ ದೇವರು ಅವರಿಗೆ ಕೊಟ್ಟಿರಲಿಲ್ಲ. ರಸ್ತೆಯಲ್ಲಿ ಹೋಗುವವರನ್ನೂ ಕರೆದು, "ಬರ್ರಿ, ಕುಂದರ್ರಿ, ಹತ್ತ ಮಿನಿಟಿನ್ಯಾಗ ಮಾಡಿ ಕೊಡ್ತಾಳ ನಮ್ಮ ತಂಗಿ," ಎಂದು ಬೆಂಚಿನ ಮೇಲೆ ಕೂರಿಸಿ ತಾವು ಚಹಾ ಕುಡಿಯಲು ಹೋಗಿಬಿಡುತ್ತಿದ್ದರು. ಆ ಹತ್ತು ಮಿನಿಟು ಯಾವ ಗಡಿಯಾರದ್ದು ಎಂದು ನನಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ಅವ್ವ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಪಾರಿಶ್ವಾಡದ ಹತ್ತಿರದ ನಮ್ಮ ಹಳ್ಳಿಯಲ್ಲಿ ಅವ್ವ ಅಂಗನವಾಡಿ ಕಾರ್ಯಕರ್ತೆ. ಹದಿನೆಂಟು ವರ್ಷದಿಂದ ಊರಿನ ಕೂಸುಗಳಿಗೆ ಹಾಡು ಕಲಿಸಿ, ಉಪ್ಪಿಟ್ಟು ಹಾಕಿ, ತಕ್ಕಡಿಗೆ ತೂಗಿ, ಮೂಗು ಒರೆಸಿ ಮನೆಗೆ ಕಳಿಸಿದವಳು. ಊರಲ್ಲಿ ಅರ್ಧ ಮಂದಿ ಕನ್ನಡದವರು, ಅರ್ಧ ಮಂದಿ ಮರಾಠಿಯವರು, ಹಾಗಾಗಿ ಅವಳ ಹಾಡುಗಳೂ ಎರಡು ಭಾಷೆಯವು. ಅವಳ ಸ್ವಭಾವದಲ್ಲಿ ಒಂದು ವಿಷಯ ನನಗೆ ಎಳವೆಯಿಂದಲೂ ಆಗಿಬರುತ್ತಿರಲಿಲ್ಲ. ಅವಳಿಗೆ ತನ್ನದು ಎಂದರೆ ಕಡೆಯದು. ನಮ್ಮ ಮನೆತನದಲ್ಲಿ ಬಾಗಿಲಿಗೆ ಬಂದವರು ಉಂಡ ಮೇಲೆ ಮನೆಯವರು ಉಣ್ಣಬೇಕು ಎನ್ನುವ ಪದ್ಧತಿ. ಅವ್ವ ಅದನ್ನು ಊಟಕ್ಕಷ್ಟೇ ಬಿಡದೆ ನಳದ ನೀರಿಗೆ, ಬಸ್ಸಿನ ಸೀಟಿಗೆ, ಗಿರಣಿಯ ಹಿಟ್ಟಿಗೆ, ಕಂಡದ್ದಕ್ಕೆಲ್ಲ ಹಚ್ಚಿದ್ದಳು. "ಅವರ ಮಾಡಕೊಳ್ಳಲಿ ತಗೋ, ನಾವೇನು ಓಡಿ ಹೊಂಟೀವಿ?" ಇದು ಅವಳ ಮಾತು. ಗಿರಣಿಯಲ್ಲಿ ಎಲ್ಲರ ಹಿಟ್ಟು ಬೀಸಿ ನಮ್ಮ ಡಬ್ಬಿ ತುಂಬುವಷ್ಟರಲ್ಲಿ ಕರೆಂಟು ಹೋದ ದಿನಗಳೆಷ್ಟೋ.

ಆ ವರ್ಷ ಬೇಸಿಗೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯರೊಳಗಿಂದಲೇ ಕೆಲವರನ್ನು ಮೇಲ್ವಿಚಾರಕಿಯರನ್ನಾಗಿ ಆರಿಸುತ್ತಾರೆ ಎಂಬ ಸುದ್ದಿ ಬಂತು. ಮೇಲ್ವಿಚಾರಕಿ ಎಂದರೆ ಇಪ್ಪತ್ತು ಊರಿನ ಅಂಗನವಾಡಿಗಳನ್ನು ನೋಡಿಕೊಳ್ಳುವ ಮೇಡಮ್ಮು. ಪಕ್ಕಾ ನೌಕರಿ, ಪಿಂಚಣಿ, ಕೈಯಲ್ಲೊಂದು ಚೀಲ, ಹೋದಲ್ಲೆಲ್ಲ ಕುರ್ಚಿ. ಅವ್ವನಿಗೆ ವಿದ್ಯೆ ಇತ್ತು, ಸೇವೆ ಇತ್ತು. ವಯಸ್ಸು ಮಾತ್ರ ನಲವತ್ತೈದು ದಾಟಿರಬಾರದು ಎಂದಿತ್ತು, ಅವಳಿಗೆ ದಾಟಲು ಮೂರು ತಿಂಗಳು ಬಾಕಿ. ಅಂದರೆ ಇದೇ ಮೊದಲನೆಯ ಸಲ, ಇದೇ ಕೊನೆಯ ಸಲ. ಅರ್ಜಿಯ ಜೊತೆಗೆ ಸೇವಾ ವಿವರದ ಪಟ್ಟಿ ಟೈಪು ಮಾಡಿಸಬೇಕು, ಅದಕ್ಕೆ ಖಾನಾಪುರದ ಕಚೇರಿಯ ಸಾಹೇಬರ ಸಹಿ ಬೀಳಬೇಕು, ಆಮೇಲೆ ಬೆಳಗಾವಿಯ ಕಚೇರಿಯ ಕಿಟಕಿಯಲ್ಲಿ ಕೊನೆಯ ದಿನ ಸಂಜೆ ಐದರೊಳಗೆ ಕೊಟ್ಟು ಬರಬೇಕು. ನೋಟಿಸು ಸಿಕ್ಕ ದಿನ ಕೊನೆಯ ದಿನಕ್ಕೆ ಇನ್ನೂ ಹದಿನೈದು ದಿನ ಇತ್ತು.

ಮರುದಿನವೇ ಅವ್ವ ಅಂಗಡಿಗೆ ಬಂದಳು. ಬೇಸಿಗೆಯಲ್ಲಿ ಅಂಗನವಾಡಿ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಹಾಲಿನ ಪ್ಲಾಸ್ಟಿಕ್ ಚೀಲದಲ್ಲಿ ಸರ್ಟಿಫಿಕೇಟುಗಳು, ಇನ್ನೊಂದರಲ್ಲಿ ಒಂದು ನೋಟ್‌ಬುಕ್ಕು. ಹದಿನೆಂಟು ವರ್ಷದ ವಿವರವನ್ನೆಲ್ಲ ಗೆರೆ ಹೊಡೆದು, ಮುತ್ತಿನಂಥ ಅಕ್ಷರದಲ್ಲಿ ತಾನೇ ಬರೆದುಕೊಂಡು ಬಂದಿದ್ದಳು. ಯಾವ ವರ್ಷ ಎಷ್ಟು ಕೂಸು, ಯಾವ ತರಬೇತಿ, ಎಷ್ಟು ಪೋಲಿಯೊ ಹನಿ. ಒಟ್ಟು ಮೂರು ಪುಟ. ಕೂತು ಮಾಡಿದರೆ ಒಂದೂವರೆ ತಾಸಿನ ಕೆಲಸ.

"ಕೋರ್ಟಿನ ಮುಂದ ಟೈಪ್ ಮಾಡಾವರು ಕುಂತಿರ್ತಾರಲ್ಲ ಬೇ ಅವ್ವಾ, ಅಲ್ಲಿ ಕೊಟ್ಟಿದ್ದರ ಇವತ್ತ ಆಗತಿತ್ತು," ಎಂದೆ.

"ಅಲ್ಲವಾ, ಮಗಳ ಕಂಪ್ಯೂಟರ ಮುಂದ ಕುಂತಾಳ, ನಾ ಹೋಗಿ ಮಂದಿ ಕಡೆ ಮಾಡಸ್ಲೇನ? ನೋಡಿದವರು ಏನಂದಾರು?" ಎಂದು ನಕ್ಕಳು. ಆಮೇಲೆ ಬೆಂಚಿನ ಮೇಲೆ ಕೂತವರನ್ನು ನೋಡಿ, "ಅವಸರ ಇಲ್ಲ. ಬಂದವರದ ಮೊದಲ ಮಾಡು. ಇನ್ನೂ ಹದಿನೈದ ದಿವಸ ಐತಿ," ಎಂದಳು. ನಾನೂ ಹೂಂ ಎಂದೆ.

ಅದೇ ಹೊತ್ತಿಗೆ ನಾನು ವಾರಕ್ಕೆ ಮೂರು ಬೆಳಿಗ್ಗೆ ಬೆಳಗಾವಿಗೆ ಕಂಪ್ಯೂಟರ್ ಡಿಪ್ಲೊಮಾ ಕ್ಲಾಸಿಗೆ ಹೋಗುತ್ತಿದ್ದೆ. ಮೊದಲ ಬಸ್ಸು ಹಿಡಿದು, ಅರ್ಧ ದಾರಿ ನಿಂತು, ಅರ್ಧ ದಾರಿ ಯಾರದೋ ಕೋಳಿಬುಟ್ಟಿಯ ಪಕ್ಕ ಕೂತು, ಎಂಟು ಗಂಟೆಗೆ ಕ್ಲಾಸು ಮುಟ್ಟಬೇಕು. ಹನ್ನೊಂದಕ್ಕೆ ತಿರುಗಿ ಖಾನಾಪುರದ ಅಂಗಡಿ. ಕ್ಲಾಸಿನಲ್ಲಿ ಒಂದು ಕಂಪ್ಯೂಟರಿಗೆ ಮೂವರು, ಅದರಲ್ಲಿ ಕನ್ನಡ ಫಾಂಟಿನ ಹೆಸರೇ ಇರಲಿಲ್ಲ, ಇಲ್ಲದಿದ್ದರೆ ಅವ್ವನ ಕೆಲಸ ಅಲ್ಲೇ ಮುಗಿಸುತ್ತಿದ್ದೆ ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಆ ತಿಂಗಳ ಪಾಠ ಆಪರೇಟಿಂಗ್ ಸಿಸ್ಟಮ್ಮು. ಕಲಿಸುವ ಸರ್ ಗೋಕಾಕದ ಕಡೆಯವರು, ಬೋರ್ಡಿನ ಮೇಲೆ ಬರೆಯುವುದಕ್ಕಿಂತ ಮಾತನಾಡುವುದೇ ಹೆಚ್ಚು. ಮೊದಲ ದಿನವೇ ಹೇಳಿದರು: "ಪ್ರೊಸೆಸರ್ ಒಂದ ಐತಿ. ನೀವು ಟೈಪ್ ಮಾಡ್ತೀರಿ, ಬಾಜೂಕ ಪ್ರಿಂಟ್ ಬರತೈತಿ, ಮ್ಯಾಲ ಹಾಡು ಹಚ್ಚಿರ್ತೀರಿ. ಎಲ್ಲಾ ಕೂಡೇ ನಡದೈತಿ ಅಂತ ತಿಳ್ಕೊಂಡೀರಿ. ಸುಳ್ಳು. ಅದು ಒಂದು ಚೂರು ಇದನ್ನ ಮಾಡತೈತಿ, ಬಿಡತೈತಿ, ಒಂದು ಚೂರು ಅದನ್ನ ಮಾಡತೈತಿ. ನಿಮ್ಮ ಕಣ್ಣು ನಿಧಾನ, ಅದಕ್ಕ ಗೊತ್ತಾಗೂದಿಲ್ಲ."

ಹಾಗೆ ಬಿಟ್ಟು ಹಿಡಿಯುವುದಕ್ಕೂ ಖರ್ಚಿದೆ ಎಂದರು. ಒಂದು ಕೆಲಸ ಬಿಡುವಾಗ ಎಲ್ಲಿಗೆ ಬಿಟ್ಟೆ ಎಂದು ಬರೆದಿಡಬೇಕು, ಮತ್ತೆ ಹಿಡಿಯುವಾಗ ಅದನ್ನು ಓದಿಕೊಳ್ಳಬೇಕು. ಬಿಡುವುದು ಹಿಡಿಯುವುದು ಹೆಚ್ಚಾದರೆ ಕಂಪ್ಯೂಟರು ಬಿಡುವುದರಲ್ಲಿ ಹಿಡಿಯುವುದರಲ್ಲೇ ದಣಿದು, ನಿಜವಾದ ಕೆಲಸಕ್ಕೆ ಅದಕ್ಕೆ ಹೊತ್ತೇ ಉಳಿಯುವುದಿಲ್ಲ. ಇದನ್ನು ಕೇಳಿ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇದು ನನ್ನದೇ ಕತೆ! ಮರಾಠಿ ಲಗ್ನಪತ್ರಿಕೆ ಮಾಡುತ್ತಿರುವಾಗ ಕನ್ನಡದ ಅರ್ಜಿಯವನು ಬರುತ್ತಾನೆ. ಎರಡು ಫಾಂಟಿಗೂ ಕೀಲಿಗಳ ಜಾಗ ಬೇರೆ ಬೇರೆ. ಬೆರಳು ಮರಾಠಿಯಿಂದ ಕನ್ನಡಕ್ಕೆ ಬರಲು ಐದು ಸಾಲು ಬೇಕು, ಅಷ್ಟರಲ್ಲಿ ಮರಾಠಿಯವನು "ತಾಈ, ಏವಢಂ ಜರಾ ಪಹಿಲಂ ಕರಾ," ಇದೊಂದು ಮೊದಲು ಮಾಡಿಕೊಡು ಎಂದು ತಲೆಯ ಮೇಲೆ ಬಗ್ಗುತ್ತಾನೆ. ನನ್ನ ಕಷ್ಟಕ್ಕೆ ಒಂದು ಹೆಸರಾದರೂ ಇದೆಯಲ್ಲ ಎಂದು ನೋಟ್ಸಿನಲ್ಲಿ ಎರಡು ಗೆರೆ ಎಳೆದೆ.

ಮತ್ತೊಂದು ದಿನ ಸರದಿಯ ಪಾಠ. ಮೊದಲು ಬಂದವರಿಗೆ ಮೊದಲು ಎನ್ನುವುದು ಒಂದು ರೀತಿ. ಎಲ್ಲರಿಗೂ ಚೂರು ಚೂರು ಹೊತ್ತು ಹಂಚುವುದು ಇನ್ನೊಂದು ರೀತಿ. ಯಾರ ದರ್ಜೆ ದೊಡ್ಡದೋ ಅವರಿಗೆ ಮೊದಲು ಎನ್ನುವುದು ಮತ್ತೊಂದು. "ಈ ಮೂರನೇದರಾಗ ಒಂದು ಘಾತ ಐತಿ," ಎಂದರು ಸರ್. "ದೊಡ್ಡ ದೊಡ್ಡವರು ಬರಕೋತನ ಇದ್ದರ ತಳದಾಗ ಕುಂತದ್ದು ಎಂದೂ ಓಡೂದಿಲ್ಲ. ಅದರ ಕೆಲಸ ಭಾಳ ಸಣ್ಣದಿರತೈತಿ, ಆದರೂ ಓಡೂದಿಲ್ಲ. ಅದಕ್ಕ ಸ್ಟಾರ್ವೇಶನ್ ಅಂತಾರ. ಉಪವಾಸ."

ನಾನೇ ಎದ್ದು ಕೇಳಿದೆ. "ಅದು ಬಾಯಿ ಮಾಡೂದಿಲ್ಲೇನ್ರಿ ಸರ್, ನಂದ ಮಾಡ್ರಿ ಅಂತ?"

"ಮಾಡೂದಿಲ್ಲವಾ. ಅದಕ್ಕ ಬಾಯಿ ಎಲ್ಲಿಂದು? ಕೆಲಸ ಹಂಚಾವರ ನೋಡಬೇಕು. ಕಾದಂಗ ಕಾದಂಗ ಅದರ ದರ್ಜೆ ಒಂದೊಂದ ಮೆಟ್ಟಲ ಮ್ಯಾಲ ಏರಿಸಿಕೋತ ಹೋಗಬೇಕು. ಎಷ್ಟ ಸಣ್ಣದಿರಲಿ, ಒಂದಿನ ಅದು ಎಲ್ಲಾರಕಿಂತ ಮ್ಯಾಲ ಬರಬೇಕು."

ಇದನ್ನು ಅಕ್ಷರ ಬಿಡದೆ ಬರೆದುಕೊಂಡೆ. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂತು, ಉದಾಹರಣೆ ಸಮೇತ ಬರೆದು ಹತ್ತಕ್ಕೆ ಒಂಬತ್ತು ತೆಗೆದುಕೊಂಡೆ. ಪಾಠ ಕೇಳಿದ ದಿನ ತಿರುಗಿ ಬರುವ ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತಾ ಬಂದೆ. ಏನು ಯೋಚಿಸಿದೆ ಎಂದರೆ, ಅಯ್ಯೋ, ನಾನೇ ಆ ಪ್ರೊಸೆಸರು, ಎಲ್ಲರೂ ಸೇರಿ ನನ್ನನ್ನೇ ಹುರಿದು ತಿನ್ನುತ್ತಿದ್ದಾರಲ್ಲ, ನನ್ನ ಗೋಳು ಯಾರಿಗೂ ಕಾಣುವುದಿಲ್ಲವಲ್ಲ ಎಂದು. ತಳದಲ್ಲಿ ಕೂತವರು ಯಾರು ಎಂದು ಒಂದು ಕ್ಷಣವೂ ತಲೆಗೆ ಬರಲಿಲ್ಲ. ನನ್ನ ಮೇಲೆ ನನಗೇ ಕನಿಕರ ಉಕ್ಕಿ ಹರಿಯುತ್ತಿತ್ತು, ಬೇರೆಯವರಿಗೆ ಜಾಗ ಎಲ್ಲಿ?

ಅಂಗಡಿಯಲ್ಲಿ ಅವ್ವನ ಫೈಲು ಮೊದಲ ದಿನವೇ ತೆರೆದಿದ್ದೆ. ಅದಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಅವ್ವ ಎಂದೇ ಹೆಸರಿಟ್ಟಿದ್ದೆ. ಯಾರಾದರೂ ಬಂದ ಕೂಡಲೇ ಅದನ್ನು ಪರದೆಯ ಕೆಳಗಿನ ಪಟ್ಟಿಗೆ ಇಳಿಸುವುದು, ಅವರು ಹೋದ ಮೇಲೆ ಏರಿಸುವುದು. ಏರಿಸಿದಾಗ ನೋಟ್‌ಬುಕ್ಕು ತೆಗೆದು, ಯಾವ ವರ್ಷಕ್ಕೆ ಬಿಟ್ಟಿದ್ದೆ ಎಂದು ಬೆರಳಿಟ್ಟು ಹುಡುಕಿ, ಎರಡು ಸಾಲು ಹೊಡೆಯುವಷ್ಟರಲ್ಲಿ ಇನ್ನೊಬ್ಬರು. ಲಗ್ನದ ಸೀಸನ್ನು ಬೇರೆ. ಹತ್ತರ ಕೂಡ ಹನ್ನೊಂದು ಎನ್ನುವ ಹಾಗೆ ಮಾಲಕರು ಚುನಾವಣೆಯ ಹ್ಯಾಂಡ್‌ಬಿಲ್ಲೂ ಹಿಡಿದು ತಂದರು. ಬಂದವರೆಲ್ಲರ ಬಾಯಲ್ಲಿ ಒಂದೇ ಮಾತು: ಅರ್ಜೆಂಟು. ಹೆಣ್ಣು ನೋಡಲು ಹೋಗುವವನ ಬಯೋಡೇಟಾ ಅರ್ಜೆಂಟು. ಭಜನೆಯ ಕರಪತ್ರ ಅರ್ಜೆಂಟು. ಬರುವ ಕಾರ್ತಿಕದ ಜಾಹೀರಾತೂ ಅರ್ಜೆಂಟು! "ಎಲ್ಲಾರದೂ ಅರ್ಜೆಂಟ ಅಂದರ ಅರ್ಜೆಂಟ ಅಲ್ಲದ್ದ ಯಾವುದ್ರಿ?" ಎಂದು ಒಮ್ಮೆ ಮಾಲಕರ ಮುಂದೆ ಚೀರಿದೆ. ಅವರು ನಕ್ಕು ನನಗೆ ಒಂದು ಚಹಾ ತರಿಸಿದರು. ಆ ಚಹಾ ಆರಿ ನೀರಾಯಿತು, ಕುಡಿಯಲು ನನಗೆ ಪುರಸೊತ್ತು ಸಿಗಲಿಲ್ಲ.

ಅರ್ಜೆಂಟು ಅಲ್ಲದ್ದು ಒಂದೇ ಒಂದು ಇತ್ತು. ಅದು ಕೆಳಗಿನ ಪಟ್ಟಿಯಲ್ಲಿ ಬೂದು ಬಣ್ಣದ ಗುಂಡಿಯಾಗಿ ಕೂತಿತ್ತು.

ಅವ್ವ ದಿನ ಬಿಟ್ಟು ದಿನ ಬರುತ್ತಿದ್ದಳು. ಮಧ್ಯಾಹ್ನ ಬಿಸಿಲಲ್ಲಿ ಬಸ್ಸಿಳಿದು, ಸೆರಗಿನಿಂದ ಮುಖ ಒರೆಸಿಕೊಂಡು, ಬೆಂಚಿನ ತುದಿಯಲ್ಲಿ ಕೂರುವಳು. ಗಿರಾಕಿ ಬಂದರೆ ಎದ್ದು ನಿಂತು ಅವರಿಗೆ ಜಾಗ ಕೊಡುವಳು. "ಎಲ್ಲೀತನ ಬಂತು?" ಎಂದು ಕೇಳುವಳು. "ಆರನೇ ವರ್ಷ," ಎನ್ನುವೆ. ಮುಂದಿನ ಸಲ ಬಂದಾಗ, "ಏಳು." ಮುಖ ನೋಡಿ ಹೇಳುತ್ತಿರಲಿಲ್ಲ, ಪರದೆ ನೋಡಿಯೇ ಹೇಳುತ್ತಿದ್ದೆ. ಒಮ್ಮೆ ಅವಳು ಬಾಯಿ ತೆರೆದು ಏನೋ ಹೇಳಲು ಹೋದಳು. ಅಷ್ಟರಲ್ಲಿ ನಂದಗಡದ ಒಬ್ಬರು ಒಳಗೆ ಬಂದರು. "ಇವರದ ಮಾಡು ಮೊದಲ, ಪಾಪ ದೂರದಿಂದ ಬಂದಾರ," ಎಂದು ಬಾಗಿಲ ಕಡೆ ಸರಿದಳು. ನಂದಗಡ ದೂರವಂತೆ! ನಮ್ಮ ಊರೇನು ಅಂಗಡಿಯ ಹಿತ್ತಲಲ್ಲಿತ್ತೇ? ನನಗೆ ಅವಳ ಮೇಲೂ ಸಿಟ್ಟು, ಬಂದವರ ಮೇಲೂ ಸಿಟ್ಟು. ಸಿಟ್ಟಿನಲ್ಲೇ ನಂದಗಡದವರ ಲಗ್ನಪತ್ರಿಕೆ ಮಾಡಿಕೊಟ್ಟೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ವಾರದ ರಜೆಯ ದಿನ ಮಾಲಕರ ಮನೆಯಿಂದ ಕೀಲಿ ತಂದೆ. ಇವತ್ತು ಯಾರೂ ಬರುವುದಿಲ್ಲ, ಕೂತು ಮುಗಿಸಿಬಿಡೋಣ ಎಂದು. ಒಳಗೆ ಸೆಖೆ ತಡೆಯಲಾಗದೆ ಶಟರನ್ನು ಮೊಳಕಾಲಷ್ಟು ಎತ್ತಿಟ್ಟೆ. ಐದು ನಿಮಿಷ ಆಗಿರಲಿಲ್ಲ, ಶಟರಿನ ಕೆಳಗೆ ಒಂದು ತಲೆ ಬಗ್ಗಿತು. "ಅಂಗಡಿ ಚಾಲೂ ಐತಿ?" ಇಲ್ಲ ಎಂದೆ. "ಮತ್ತ ನೀವು ಕುಂತೀರಲ್ಲ," ಎಂದು ಆ ಮನುಷ್ಯ ಒಳಗೇ ಬಂದ. ಅವನ ಹಿಂದೆ ಇನ್ನಿಬ್ಬರು. ಬೈದು ಕಳಿಸಬಹುದಿತ್ತು. ನನ್ನ ಬಾಯೇನು ಕಡಿಮೆಯದಲ್ಲ. ಆದರೆ ಬಾಗಿಲಿಗೆ ಬಂದವರನ್ನು ನಿಲ್ಲಿಸಿ ಮನೆಯವರ ಕೆಲಸ ಮಾಡುವುದು ಎಂದರೆ ಏನೋ ಕದ್ದು ತಿಂದ ಹಾಗೆ, ನಮ್ಮ ಮನೆಯಲ್ಲಿ ಬೆಳೆದವರಿಗೆ ಅದು ಬರುವುದಿಲ್ಲ. ಆ ದಿನ ಅವ್ವನ ಹತ್ತನೇ ವರ್ಷದವರೆಗೆ ಬಂದೆ, ಅಷ್ಟೇ.

ಮುಂದಿನ ವಾರ ನನ್ನ ಪರೀಕ್ಷೆ. ಆಪರೇಟಿಂಗ್ ಸಿಸ್ಟಮ್ ಪೇಪರು ಗುರುವಾರ, ಅವ್ವನ ಅರ್ಜಿಗೆ ಕೊನೆಯ ದಿನ ಶುಕ್ರವಾರ. ಬುಧವಾರ ಅವ್ವನೇ ಹೇಳಿದಳು, "ನಿನ್ನ ಪರೀಕ್ಷಾ ಮುಗಿಸಿಕೊಂಡು ಬಾ. ಶುಕ್ರವಾರ ಮುಂಜಾನೆ ಮಾಡಿದರಾತು." ಹಾಗೆ ಹೇಳುವಾಗ ಅವಳು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಅವಳಿಗೆ ಕಳವಳ ಆದಾಗಿನ ರೂಢಿ ಅದು. ನನಗೆ ಕಂಡಿತು. ಕಂಡರೂ ಪುಸ್ತಕ ತೆಗೆದುಕೊಂಡು ಕೂತೆ.

ಶುಕ್ರವಾರ ಒಂಬತ್ತಕ್ಕೇ ಅಂಗಡಿ ತೆರೆದೆ. ಉಳಿದದ್ದು ಒಂದು ಪುಟ. ಅವ್ವ ಜೊತೆಗೇ ಬಂದು ಬೆಂಚಿನ ಮೇಲೆ ಕೂತಳು. ಆ ದಿನ ಅಂಗನವಾಡಿಗೆ ರಜೆ ಹಾಕಿ, ಇಳಕಲ್ ಸೀರೆ ಉಟ್ಟು, ತಲೆ ಬಾಚಿ ಹೂವು ಮುಡಿದು ಬಂದಿದ್ದಳು. ಒಂಬತ್ತೂಕಾಲಕ್ಕೆ ನಂದಗಡದ ಅದೇ ಮನುಷ್ಯರು ಓಡಿ ಬಂದರು. ಪತ್ರಿಕೆಯಲ್ಲಿ ಲಗ್ನದ ಮುಹೂರ್ತದ ವೇಳೆ ತಪ್ಪಾಗಿದೆ, ಹಂಚಲು ಜನ ಹೊರಟು ನಿಂತಿದ್ದಾರೆ, ಇನ್ನೂರು ಪತ್ರಿಕೆ ಈಗಲೇ ಹೊಸದಾಗಿ ತೆಗೆದುಕೊಡಬೇಕು ಎಂದು. ಮಾಲಕರು ನನ್ನ ಮುಖ ನೋಡಿದರು. ನಾನು ಅವ್ವನ ಮುಖ ನೋಡಿದೆ. ಅವ್ವ ಗಡಿಯಾರ ನೋಡಿದಳು.

ನಾನು ಜಾಣತನ ಮಾಡಿದೆ. ಒಂದು ಕಡೆ ಪತ್ರಿಕೆ ಪ್ರಿಂಟಿಗೆ ಬಿಡುವುದು, ಇನ್ನೊಂದು ಕಡೆ ಅವ್ವನದು ಟೈಪು ಮಾಡುವುದು. ಎರಡೂ ಕೂಡಿ ನಡೆಯಲಿ! ಅರ್ಧ ತಾಸು ನಡೆಯಿತು ಕೂಡ. ಗಣಪತಿಯ ಚಿತ್ರ ಇದ್ದ ಪತ್ರಿಕೆ, ಭಾರವಾದ ಫೈಲು. ಹಾರ್ಡ್ ಡಿಸ್ಕು ಗರಗರ ಎನ್ನತೊಡಗಿತು. ನಾನು ಹೊಡೆದ ಅಕ್ಷರ ಎಣಿಸಿ ಹತ್ತಾಗುವಷ್ಟರಲ್ಲಿ ಪರದೆಗೆ ಬರುತ್ತಿತ್ತು, ಆಮೇಲೆ ಬರಲೇ ಇಲ್ಲ. ಬಾಣದ ಗುರುತು ಇದ್ದಲ್ಲೇ ನಿಂತಿತು. ಯಾವ ಕೀಲಿ ಒತ್ತಿದರೂ ಹೂಂ ಇಲ್ಲ ಹಾಂ ಇಲ್ಲ. ಕೊನೆಗೆ ಗುಂಡಿ ಒತ್ತಿ ಆರಿಸಿ ಹಚ್ಚಿದೆ. ಹಚ್ಚಿದರೆ ನೀಲಿ ಪರದೆ ಬಂದು, ನೀನು ನನ್ನನ್ನು ಸರಿಯಾಗಿ ಮುಚ್ಚಲಿಲ್ಲ, ಆದ್ದರಿಂದ ಡಿಸ್ಕನ್ನು ತಪಾಸಣೆ ಮಾಡುತ್ತೇನೆ ಎಂದು ಕೂತುಬಿಟ್ಟಿತು. ಮುಕ್ಕಾಲು ತಾಸು ತಪಾಸಣೆ! ಅದನ್ನು ಎತ್ತಿ ಮಲಪ್ರಭೆಗೆ ಒಗೆಯಬೇಕು ಅನ್ನಿಸಿತು. ಅವ್ವನ ಫೈಲು ಪುಣ್ಯಕ್ಕೆ ಉಳಿದಿತ್ತು. ಕೊನೆಯ ಅರ್ಧ ಪುಟ ಮಾತ್ರ ಮತ್ತೆ ಹೊಡೆಯಬೇಕಾಯಿತು.

ನಡುನಡುವೆ ಪತ್ರಿಕೆಯನ್ನೂ ಪ್ರಿಂಟಿಗೆ ಬಿಡುತ್ತಾ ಹೊಡೆದು, ಮೂರು ಪುಟ ಕೈಗೆ ಬಂದಾಗ ಒಂದು ಗಂಟೆ. ಸಾಹೇಬರು ಊಟಕ್ಕೆ ಹೋಗಿ ತಿರುಗಿ ಬಂದು ಸಹಿ ಹಾಕಿದಾಗ ಎರಡೂಮುಕ್ಕಾಲು. ಅವ್ವ ಬೆಳಗಾವಿಯ ಬಸ್ಸಿಗೆ ಓಡಿದಳು. ನಾನು ಜೊತೆಗೆ ಹೋಗಲಿಲ್ಲ, ನಂದಗಡದವರ ಪತ್ರಿಕೆ ಇನ್ನೂ ಅರ್ಧ ಉಳಿದಿತ್ತು. ಬಸ್ಸಿನ ಕಿಟಕಿಯಲ್ಲಿ ಅವಳ ಇಳಕಲ್ ಸೆರಗು ಅಂಗಡಿಯ ಮುಂದೆ ಹಾದು ಹೋದದ್ದು ಕಂಡಿತು. ಮುಟ್ಟುತ್ತಾಳೆ ಬಿಡು, ಒಂದು ತಾಸಿನ ದಾರಿ, ಎಂದುಕೊಂಡೆ.

ಸಂಜೆ ಏಳರ ಸುಮಾರಿಗೆ ತಿರುಗಿ ಬಂದಳು. ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ. ಬೆಂಚಿನ ಮೇಲೆ ಕೂತು ಚಪ್ಪಲಿ ಬಿಟ್ಟಳು. ಕೈಯಲ್ಲಿ ಅದೇ ಹಾಲಿನ ಚೀಲ, ಒಳಗೆ ಅದೇ ಕಾಗದ.

"ಮುಟ್ಟಲಿಲ್ಲೇನ ಬೇ?"

"ಮುಟ್ಟಿದೆ. ನಾಲ್ಕೂವರಿಕ್ಕೆ ಪಾಳಿದಾಗ ನಿಂತೆ. ಐದಕ್ಕ ಕಿಡಕಿ ಹಾಕಿದರು. ನಂದ ಪಾಳಿ ಬಂದಿತ್ತು, ನಾ ಕೈ ಚಾಚಿದ್ದೆ."

"ಬಂದಿತ್ತು ಅಂದ ಮ್ಯಾಲ ಯಾಕ ತಗೊಳ್ಳಲಿಲ್ಲ?"

ಅವ್ವ ನಿಧಾನಕ್ಕೆ ಹೇಳಿದಳು. ಹಿಂದೆ ಒಬ್ಬ ಹುಡುಗಿ ಹಸುಗೂಸು ಎತ್ತಿಕೊಂಡು ನಿಂತಿದ್ದಳಂತೆ. ಕೂಸು ಒಂದೇ ಸಮ ಅಳುತ್ತಿತ್ತಂತೆ. ಅವಳನ್ನು ಮುಂದೆ ಬಿಟ್ಟಳು. ಇನ್ನೊಬ್ಬಳು ಅಥಣಿಯ ಕಡೆಯವಳು, ಕಡೆಯ ಬಸ್ಸು ತಪ್ಪುತ್ತದೆ ಎಂದು ಕಣ್ಣೀರು ತಂದಳಂತೆ. ಅವಳನ್ನೂ ಬಿಟ್ಟಳು.

ಹದಿನೈದು ದಿನದ ಸಿಟ್ಟು, ಕಂಪ್ಯೂಟರಿನ ಮೇಲಿನದು, ಗಿರಾಕಿಗಳ ಮೇಲಿನದು, ಮಾಲಕರ ಮೇಲಿನದು, ಎಲ್ಲ ಸೇರಿ ಅವಳೊಬ್ಬಳ ಮೇಲೆ ಸುರಿಯಿತು. "ಅವರೂ ಅದ ನೌಕರಿಗೆ ಬಂದಾವರ ಬೇ! ಅವರನ್ನ ಮುಂದ ಬಿಟ್ಟು ನೀ ಹಿಂದ ನಿಂತಿ? ನಿನಗ ಬುದ್ಧಿ ಐತೋ ಇಲ್ಲೋ? ಮುಂಜಾನಿಂದ ನಾ ಇಲ್ಲಿ ಸತ್ತೀನಿ ನಿನ್ನ ಕಾಗದಕ್ಕ. ಜನ್ಮದಾಗ ಒಂದ ಸಲನೂ ನಿಂದು ನೀ ನೋಡಕೊಳ್ಳಾಕ ಆಗೂದಿಲ್ಲ? ಇಬ್ಬರು! ಇಬ್ಬರನ್ನ ಮುಂದ ಬಿಟ್ಟು ಇದ್ದೊಂದ ನೌಕರಿ ಕಳಕೊಂಡಿ!" ರಸ್ತೆಯವರು ತಿರುಗಿ ನೋಡುವ ಹಾಗೆ ಚೀರಾಡಿದೆ.

ಅವ್ವ ತಲೆ ಎತ್ತಿದಳು. ಅದಕ್ಕೂ ಮುಂಚೆ ಅವಳು ನನ್ನನ್ನು ಹಾಗೆ ನೇರ ನೋಡಿದ್ದು ನನಗೆ ನೆನಪಿಲ್ಲ. ದನಿ ಏರಿಸಲಿಲ್ಲ.

"ಹೌದವಾ, ನಾ ಇಬ್ಬರನ್ನ ಬಿಟ್ಟೆ. ನೀ ಎಷ್ಟ ಮಂದೀನ ಬಿಟ್ಟಿ, ಗೊತ್ತೈತೇನ? ಈ ಬೆಂಚಿನ ಮ್ಯಾಲ ನಾ ಸುಮ್ಮನ ಕುಂತಿರಲಿಲ್ಲ. ನಾ ಕುಂತಾಗ ಬಂದವರ ನಲವತ್ತೊಂದು ಮಂದಿ. ಒಬ್ಬರಿಗರ, ತಡೀರಿ, ಇದು ನಮ್ಮ ಅವ್ವಂದು ಅಂತ ಅಂತೀ ಏನೋ ಅಂತ ನೋಡಕೋತ ಕುಂತಿದ್ದೆ. ಬಾಯಿ ಬಿಟ್ಟು ನಾ ಅವಸರ ಇಲ್ಲ ಅಂದೆ, ಖರೇ. ಅಂದಮಾತ್ರಕ್ಕ?"

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು, "ಬಸ್ಸಿಗೆ ಹೊತ್ತಾತು, ನಡಿ," ಎಂದಳು. ನಾನು ಕಂಪ್ಯೂಟರು ಆರಿಸಿ, ಶಟರು ಎಳೆದು, ಅವಳ ಹಿಂದೆ ನಡೆದೆ. ಬಸ್ಸಿನಲ್ಲಿ ಅಕ್ಕಪಕ್ಕವೇ ಕೂತೆವು. ಆ ವಿಷಯವನ್ನು ಅವ್ವ ಮತ್ತೆಂದೂ ಎತ್ತಲಿಲ್ಲ, ಎತ್ತುವ ಧೈರ್ಯ ನನಗೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಅವಳು ಎಂದಿನ ಹಾಗೆ ಅಂಗನವಾಡಿಯ ಬೀಗ ತೆಗೆದಳು. ಅದಾದ ಮೇಲೆ ಇನ್ನೂ ಹದಿನೈದು ವರ್ಷ ಅದೇ ಬೀಗ ತೆಗೆದಳು.